ಸೇತುವೆ ಆಚೆ ಏನಿದೆ? ದುಡ್ಡು ಕೊಟ್ಟು ಮೂರು ವರ್ಷ ಕಾದವನಿಗೆ ಕೇಳುವ ಹಕ್ಕಿಲ್ವಾ?

ಮುರಿದ_ಸೇತುವೆ

ಮೂರು ವರ್ಷದ ಹಿಂದೆ ಅರ್ಲಿ ಆಕ್ಸೆಸ್‌ನಲ್ಲಿದ್ದ, ಅಂದರೆ ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕಿಟ್ಟ, ಒಂದು ಇಂಡೀ ಗೇಮ್ ಕೊಂಡೆ. ಹೆಸರು ಬೇಡ, ಇಲ್ಲಿಂದ ಎದ್ದು ಹೋಗಿ ಯಾರಾದರೂ ಅಲ್ಲಿ ಜಗಳ ತೆಗೆದರೆ ಕಷ್ಟ. ಮಾಡುತ್ತಿರುವುದು ಒಬ್ಬನೇ ಮನುಷ್ಯ, ಸಂಗೀತಕ್ಕೆ ಮಾತ್ರ ಇನ್ನೊಬ್ಬರಿದ್ದಾರೆ. ಗೇಮ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಚೆನ್ನಾಗಿರುವುದೇ ತೊಂದರೆ. ಕಥೆ ಒಂದು ದೊಡ್ಡ ಕಣಿವೆ ಹತ್ತಿರ ಬಂದು ನಿಂತುಬಿಡುತ್ತದೆ. ಅಲ್ಲೊಂದು ಮುರಿದ ಸೇತುವೆ, ಪಕ್ಕದಲ್ಲಿ 'ಕೆಲಸ ನಡೆಯುತ್ತಿದೆ' ಅಂತ ಒಂದು ಮರದ ಬೋರ್ಡು. ಆಚೆ ದಡದಲ್ಲಿ ಒಂದು ದೀಪ ಮಿಣುಕುತ್ತಿರುತ್ತದೆ. ಅಷ್ಟೇ. ಮೂರು ವರ್ಷದಿಂದ ಆ ದೀಪ ನೋಡಿಕೊಂಡು ನಿಂತಿದ್ದೇನೆ.

ನಾನು ಕೊಂಡಾಗ ಸ್ಟೋರ್ ಪೇಜ್‌ನಲ್ಲಿ ಮುಂದೆ ಏನೇನು ಯಾವಾಗ ಬರುತ್ತೆ ಅಂತ ತೋರಿಸುವ ಒಂದು ರೋಡ್‌ಮ್ಯಾಪ್ ಇತ್ತು. ನಾಲ್ಕು ಚೌಕ, ಒಂದೊಂದರ ಕೆಳಗೂ ತಿಂಗಳು, ವರ್ಷ. ಮೊದಲನೇ ಚೌಕಕ್ಕೆ ಟಿಕ್ ಬಿತ್ತು. ಎರಡನೆಯದಕ್ಕೂ ಬಿತ್ತು, ಆದರೆ ಒಂದು ವರ್ಷ ತಡವಾಗಿ. ಆಮೇಲೊಂದು ದಿನ ನೋಡಿದರೆ ಚೌಕಗಳು ಹಾಗೇ ಇವೆ, ಕೆಳಗಿನ ತಿಂಗಳು ವರ್ಷ ಮಾಯ. ಇನ್ನೂ ಸ್ವಲ್ಪ ದಿನಕ್ಕೆ ಚಿತ್ರವೇ ಮಾಯ. ಕೊನೇ ಅಪ್‌ಡೇಟ್ ಬಂದು ಏಳು ತಿಂಗಳಾಯಿತು. ಅದರಲ್ಲಿ ಬಂದಿದ್ದೇನು ಗೊತ್ತಾ? ಮೀನು ಹಿಡಿಯುವುದು! ಮೀನು ಯಾರು ಕೇಳಿದ್ದರು ಸ್ವಾಮಿ? ನನಗೆ ಬೇಕಿರುವುದು ಸೇತುವೆ.

ಹೋದ ವಾರ ತಲೆಕೆಟ್ಟು ಅವರ ಡಿಸ್ಕಾರ್ಡ್ ಚಾಟ್‌ನಲ್ಲಿ 'ಗೇಮ್ ಸತ್ತುಹೋಯ್ತಾ?' ಅಂತ ಒಂದೇ ಸಾಲು ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಆತನೇ ರಾತ್ರಿ ಮೂರು ಗಂಟೆಗೆ ಉತ್ತರ ಕೊಟ್ಟಿದ್ದಾನೆ. 'ಇಲ್ಲ. ನಾನೂ ಸತ್ತಿಲ್ಲ.' ಅಷ್ಟೇ ಬರೆದಿದ್ದು. ಅದರ ಕೆಳಗೆ ಒಂದಷ್ಟು ಜನ ನನಗೆ ಚೆನ್ನಾಗಿ ಉಗಿದಿದ್ದಾರೆ.

ಅವತ್ತಿನಿಂದ ಒಂಥರಾ ಮುಜುಗರ. ಆದರೆ ಸಿಟ್ಟೂ ಹೋಗಿಲ್ಲ, ಎರಡೂ ಒಟ್ಟಿಗೇ ಇವೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ದುಡ್ಡು ಕೊಟ್ಟವನು ಎಷ್ಟು ದಿನ ಅಂತ ಸುಮ್ನೆ ಇರಬೇಕು? ಕೇಳಿದ್ದೇ ತಪ್ಪಾ, ಕೇಳಿದ ರೀತಿ ತಪ್ಪಾ? ಇಲ್ಲಿ ಗೇಮ್ ಮಾಡುವವರು ಯಾರಾದರೂ ಇದ್ದರೆ ಇದನ್ನೂ ಹೇಳಿ: ಒಂದು ಸೇತುವೆಗೆ ಮೂರು ವರ್ಷ ಯಾಕೆ ಬೇಕು?

ಲೋಡಿಂಗ್_99

ಗುರು, ನೀನು ಕೊಂಡಿದ್ದು ಸೇತುವೆ ಅಲ್ಲ. ಸೇತುವೆವರೆಗಿನ ದಾರಿ.

ತಮಾಷೆಗೆ ಹೇಳುತ್ತಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅರ್ಲಿ ಆಕ್ಸೆಸ್ ಶುರುವಾಗಿದ್ದು 2013ರಲ್ಲಿ. ಅಂಥ ಗೇಮ್‌ನ ಪೇಜ್ ತೆರೆದರೆ ಕಾಣುವ ನೀಲಿ ಚೌಕವನ್ನು ಯಾರೂ ಓದಲ್ಲ, ಸೀದಾ ದುಡ್ಡು ಕಟ್ಟುವ ಬಟನ್‌ಗೆ ಹೋಗುತ್ತೇವೆ. ಅದರಲ್ಲಿ ಬರೆದಿರುವುದು ಇಷ್ಟೇ: ಈಗ ಹೇಗಿದೆಯೋ ಹಾಗೇ ಆಡಲು ಖುಷಿ ಇದ್ದರೆ ತಗೋ, ಇಲ್ಲದಿದ್ದರೆ ಮುಂದೆ ಏನಾಗುತ್ತೋ ನೋಡಿಕೊಂಡು ತಗೋ. ಗೇಮ್ ಮಾಡುವವರಿಗೂ ಸ್ಟೀಮ್ ಹೇಳುವುದು ಹೆಚ್ಚೂಕಮ್ಮಿ ಅದನ್ನೇ, ಮುಂದೆ ಇಂಥದ್ದು ಇಂಥ ದಿನ ಬರುತ್ತೆ ಅಂತ ಮಾತು ಕೊಡಬೇಡಿ ಅಂತ. ಹಾಗೆ ನೋಡಿದರೆ ನಿನ್ನ ಡೆವ್, ಅಂದರೆ ಗೇಮ್ ಮಾಡುವಾತ, ಮಾಡಿದ ದೊಡ್ಡ ತಪ್ಪು ತಡ ಮಾಡಿದ್ದಲ್ಲ, ಆ ಚೌಕಗಳ ಕೆಳಗೆ ತಿಂಗಳು ಬರೆದಿದ್ದು.

ಜನರಿಂದ ಮುಂಚೆಯೇ ದುಡ್ಡು ಕೂಡಿಸಿಕೊಡುವ ಕಿಕ್‌ಸ್ಟಾರ್ಟರ್‌ನವರಂತೂ 2012ರಲ್ಲೇ ನಾವು ಅಂಗಡಿ ಅಲ್ಲ ಅಂತ ತಲೆಬರಹ ಕೊಟ್ಟು ಬರೆದುಬಿಟ್ಟರು. ಆದರೂ ನಾವು ಅಂಗಡಿ ಅಂದುಕೊಂಡೇ ಹೋಗುತ್ತೇವೆ.

ಇನ್ನು 'ಸತ್ತುಹೋಯ್ತಾ' ಅನ್ನುವ ಪ್ರಶ್ನೆ. 2025ರ ಫೆಬ್ರವರಿಯಿಂದ ಸ್ಟೀಮ್ ಒಂದು ಒಳ್ಳೇ ಕೆಲಸ ಮಾಡಿದೆ. ಅರ್ಲಿ ಆಕ್ಸೆಸ್ ಗೇಮ್ 12 ತಿಂಗಳಿಗಿಂತ ಜಾಸ್ತಿ ಅಪ್‌ಡೇಟ್ ಇಲ್ಲದೆ ಬಿದ್ದಿದ್ದರೆ ಪೇಜ್‌ನಲ್ಲೇ ಎಚ್ಚರಿಕೆ ತೋರಿಸುತ್ತದೆ. ನಿನ್ನದು ಏಳು ತಿಂಗಳು, ಆ ಲೆಕ್ಕದಲ್ಲಿ ಇನ್ನೂ ಉಸಿರಾಡುತ್ತಿದೆ. ರಿಫಂಡ್ ಆಸೆ ಬಿಡು. ಅದಕ್ಕೆ ಕೊಂಡು 14 ದಿನದೊಳಗಿರಬೇಕು, ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಅಂದ ಹಾಗೆ ಎಷ್ಟು ಗಂಟೆ ಆಡಿದ್ದೀಯ?

ಮುರಿದ_ಸೇತುವೆ

61 ಗಂಟೆ. ಆದರೆ ವಿಷಯ ಅದಲ್ಲ.

ಲೋಡಿಂಗ್_99

61!! ವಿಷಯ ಅದೇ ಗುರು.

ಎರಡೇ_ಕೈ

ನಾವಿಬ್ಬರು ಸೇರಿ ಒಂದು ಗೇಮ್ ಮಾಡುತ್ತಿದ್ದೇವೆ, ಐದನೇ ವರ್ಷ ನಡೆಯುತ್ತಿದೆ. ಅಂದರೆ ನೀವು ಬೈಯುವ ಪೈಕಿಯವನು ನಾನು. ನಿಮ್ಮ ಸೇತುವೆ ಬಗ್ಗೆ ನಾನು ಹೇಳಲಾರೆ, ನಮ್ಮ ಲಿಫ್ಟ್ ಕಥೆ ಹೇಳುತ್ತೇನೆ.

ನಮ್ಮ ಗೇಮ್‌ನಲ್ಲಿ ಒಂದು ಗಣಿ ಇದೆ. ಅದರೊಳಗೆ ಮೇಲೆ ಕೆಳಗೆ ಓಡಾಡುವ ಒಂದು ಲಿಫ್ಟ್. ಚಿತ್ರ ಬಿಡಿಸಿ, ಓಡುವ ಹಾಗೆ ಮಾಡಿ, ಕರಕರ ಸದ್ದು ಸೇರಿಸಿದ್ದು ಒಂದು ಮಧ್ಯಾಹ್ನದ ಕೆಲಸ. ನಾಲ್ಕು ದಿನ ಬಿಟ್ಟು ಒಬ್ಬ ಟೆಸ್ಟರ್ ವಿಡಿಯೋ ಕಳಿಸಿದ. ಲಿಫ್ಟ್ ಮೇಲೆ ಹೋಗುತ್ತಿರುವಾಗ ಅದರ ಮೇಲೆ ನಿಂತುಕೊಂಡೇ ಸೇವ್ ಮಾಡಿದ್ದಾನೆ, ಗೇಮ್ ಮುಚ್ಚಿ ಮತ್ತೆ ತೆರೆದಿದ್ದಾನೆ. ಸೇವ್ ಫೈಲ್‌ನಲ್ಲಿ ಆಟಗಾರ ಎಲ್ಲಿದ್ದ ಅನ್ನುವುದು ಇದೆ. ಲಿಫ್ಟ್ ಎಲ್ಲಿತ್ತು ಅನ್ನುವುದು ಇಲ್ಲ. ಹಾಗಾಗಿ ಲೋಡ್ ಆದಾಗ ಲಿಫ್ಟ್ ತಳದಲ್ಲಿ, ಇವನು ಗಾಳಿಯಲ್ಲಿ. ಬಿದ್ದ, ಸತ್ತ. ಮತ್ತೆ ಲೋಡ್, ಮತ್ತೆ ಬಿದ್ದ. ಅವನ ಹತ್ತು ಗಂಟೆ ಆಟ ಅಲ್ಲಿಗೆ ಮುಗಿಯಿತು, ಯಾಕಂದರೆ ಅವನ ಹತ್ತಿರ ಇದ್ದಿದ್ದು ಅದೊಂದೇ ಸೇವ್.

ಸರಿ, ಲಿಫ್ಟ್ ಇದ್ದ ಜಾಗವನ್ನೂ ಸೇವ್ ಮಾಡೋಣ ಅಂತ ಹೊರಟೆವು. ಮಾಡಿದೆವು. ಈಗ ಹಳೇ ಸೇವ್ ಫೈಲ್ ತೆರೆದರೆ ಅದರಲ್ಲಿ ಲಿಫ್ಟ್ ಮಾಹಿತಿ ಇಲ್ಲ, ಗೇಮ್ ಕ್ರ್ಯಾಶ್. ಹಳೇದನ್ನು ಗುರುತು ಹಿಡಿದು ಹೊಸದಕ್ಕೆ ಬದಲಿಸುವ ಕೋಡ್ ಬರೆದೆವು. ಅದನ್ನು ಬರೆಯುವಾಗ ಎದೆ ಧಸಕ್ ಅಂತು. ಇದೇ ಸಮಸ್ಯೆ ಬಾಗಿಲಿಗೂ ಇದೆ, ದೋಣಿಗೂ ಇದೆ, ತೂಗಾಡುವ ಹಲಗೆಗೂ ಇದೆ, ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ ಅಷ್ಟೇ. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ಆಮೇಲೆ ದೋಣಿಯಲ್ಲಿ ಕೂತು ಸೇವ್ ಮಾಡಿದರೆ ಲೋಡ್ ಆದಾಗ ಎರಡು ದೋಣಿ! ಅದನ್ನು ಸರಿ ಮಾಡಿದೆವು. ಒಟ್ಟು ಐದು ವಾರ. ಐದು ವಾರದ ಕೊನೆಗೆ ನಿಮಗೆ ಕಾಣುವುದೇನು? ಲಿಫ್ಟ್ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಮೊದಲೂ ಅಷ್ಟೇ ಮಾಡುತ್ತಿತ್ತು. ಏನೇನು ಸರಿ ಮಾಡಿದೆವು ಅಂತ ಬರೆಯುವ ಪ್ಯಾಚ್ ನೋಟ್ಸ್‌ನಲ್ಲಿ ಒಂದು ಸಾಲು ಹಾಕಿದೆವು. ಅದರ ಕೆಳಗೆ ಬಂದ ಮೊದಲ ಕಾಮೆಂಟ್: 'ಇಷ್ಟು ದಿನಕ್ಕೆ ಇಷ್ಟೇನಾ?'

ಆಟಗಾರರ ಮೇಲೆ ಸಿಟ್ಟಿಲ್ಲ. ಅವರಿಗೆ ಕಾಣುವುದೇ ಅಷ್ಟು, ಪಾಪ ಅವರೇನು ಮಾಡುತ್ತಾರೆ. ಆದರೆ ಮೀನಿನ ವಿಷಯಕ್ಕೆ ಬರುತ್ತೇನೆ, ಇದು ನಿಮಗೆ ಇಷ್ಟ ಆಗಲಿಕ್ಕಿಲ್ಲ. ಸೇತುವೆ ತೆರೆಯಬೇಕು ಅಂದರೆ ಆಚೆ ದಡದ ಊರು, ಜನ, ಅವರ ಮಾತು, ಶತ್ರುಗಳು, ಸಂಗೀತ ಎಲ್ಲ ತಯಾರಿರಬೇಕು. ಅರ್ಧ ಊರನ್ನು ಬಿಡುಗಡೆ ಮಾಡಲು ಆಗಲ್ಲ. ಅಷ್ಟರಲ್ಲಿ ಜನ ಗೇಮ್ ಸತ್ತುಹೋಯ್ತಾ ಅಂತ ಕೇಳಲು ಶುರು ಮಾಡುತ್ತಾರೆ, ರಿವ್ಯೂ ಕೆಂಪಾಗುತ್ತದೆ, ಹೊಸಬರು ಕೊಳ್ಳುವುದು ನಿಲ್ಲುತ್ತದೆ. ಆಗ ಜೀವಂತ ಇದ್ದೇವೆ ಅಂತ ತೋರಿಸಲು ಬೇಗ ಮುಗಿಯುವ, ಬೇರೆ ಯಾವುದಕ್ಕೂ ಅಂಟಿಕೊಳ್ಳದ ಒಂದು ಚಿಕ್ಕ ಕೆಲಸ ಬೇಕು. ಅದೇ ಮೀನು. ನಾವೂ ಒಮ್ಮೆ ಹಾಗೇ ಮಾಡಿದ್ದೇವೆ, ನಮ್ಮದು ಮೀನಲ್ಲ, ಟೋಪಿ. ಎಂಟು ಬಣ್ಣದ ಟೋಪಿ. ಆ ಟೋಪಿ ಮಾಡುವಷ್ಟು ದಿನ ಅಸಲಿ ಕೆಲಸ ನಿಂತಿತ್ತು. ನಿಮಗೆ ಮೀನು ಬೇಕಿರಲಿಲ್ಲ, ಬಹುಶಃ ಆತನಿಗೂ ಬೇಕಿರಲಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಗೇಮನ್ನು ಎರಿಕ್ ಬರೋನ್ ಒಬ್ಬರೇ ನಾಲ್ಕೂವರೆ ವರ್ಷ ಕೂತು ಮಾಡಿದರು. ಚಿತ್ರ, ಸಂಗೀತ, ಕೋಡ್ ಎಲ್ಲ ಅವರದೇ. ಅರ್ಲಿ ಆಕ್ಸೆಸ್‌ಗೆ ಹೋಗಲೇ ಇಲ್ಲ, 2016ರ ಫೆಬ್ರವರಿಯಲ್ಲಿ ಪೂರ್ತಿ ಮಾಡಿಯೇ ಕೊಟ್ಟರು. ಹಾಗೆ ಮಾಡಬೇಕಿತ್ತು ಅಂತ ನಮಗೂ ದಿನಾ ಅನಿಸುತ್ತದೆ. ಆದರೆ ಅಷ್ಟು ದಿನ ಕೈಯಲ್ಲಿ ಕಾಸಿಲ್ಲದೆ ಬದುಕುವುದು ಹೇಗೆ? ಅವರು ನಾಟಕಮಂದಿರವೊಂದರಲ್ಲಿ ಜನರಿಗೆ ಸೀಟು ತೋರಿಸುವ ಕೆಲಸವನ್ನೂ ಮಾಡುತ್ತಿದ್ದರು. ಮುಂಚೆಯೇ ದುಡ್ಡು ತೆಗೆದುಕೊಂಡರೆ ಗೇಮ್ ಉಳಿಯುತ್ತದೆ, ನಿದ್ದೆ ಹೋಗುತ್ತದೆ. ನಾವು ಆರಿಸಿಕೊಂಡಿದ್ದು ಅದನ್ನು, ದೂರಿಲ್ಲ.

ಹಳೇ_ಸೇವ್_ಫೈಲ್

ಲಿಫ್ಟ್ ಕಥೆ ಚೆನ್ನಾಗಿದೆ, ನಿಜವಾಗಿಯೂ. ಆದರೆ ಇಂಥ ಮಾತುಕತೆ ಎಲ್ಲೇ ನಡೆದರೂ ಒಂದು ವಿಷಯ ಕಿರಿಕಿರಿ ಮಾಡುತ್ತದೆ. ನಿಧಾನ ಅಂದ ತಕ್ಷಣ ಎಲ್ಲರೂ ಸ್ಟಾರ್‌ಡ್ಯೂ ಹೆಸರು ಹೇಳುತ್ತಾರೆ. ಇನ್ನೊಬ್ಬರು ಬಂದು ಔಲ್‌ಬಾಯ್ ಗೇಮ್ 2007ರಲ್ಲಿ ಶುರುವಾಗಿ 2016ರಲ್ಲಿ ಬಂತು, ಎಷ್ಟು ಚಂದ ಬಂತು ಅನ್ನುತ್ತಾರೆ. ಗೆದ್ದವರನ್ನು ಮಾತ್ರ ನೆನಪಿಟ್ಟುಕೊಂಡರೆ ಕಾದವರೆಲ್ಲ ಜಾಣರ ಹಾಗೆ ಕಾಣುತ್ತಾರೆ. ನಿಧಾನವಾಗಿ ಮಾಡಿ ಕೆಟ್ಟದಾಗಿ ಬಂದ ಗೇಮ್‌ಗಳೂ ಬೇಕಾದಷ್ಟಿವೆ.

ನಾನು ಕ್ಯೂಬ್ ವರ್ಲ್ಡ್ ಅನ್ನುವ ಗೇಮ್‌ನ ಆಲ್ಫಾ, ಅಂದರೆ ಇನ್ನೂ ಮುಗಿಯದ ಆವೃತ್ತಿ, ಕೊಂಡವನು. 2013ರ ಜುಲೈ. ಬಣ್ಣಬಣ್ಣದ ಚೌಕದ ಲೋಕ, ಎಷ್ಟು ನಡೆದರೂ ಮುಗಿಯದ ಬೆಟ್ಟಗುಡ್ಡ. ಗಂಡ ಹೆಂಡತಿ ಇಬ್ಬರೇ ಮಾಡುತ್ತಿದ್ದರು. ಮೊದಲು ಒಂದೆರಡು ಪ್ಯಾಚ್ ಬಂತು, ಆಮೇಲೆ ಕತ್ತಲೆ. ಅಪರೂಪಕ್ಕೆ ಒಂದು ಚಿತ್ರ, ಮತ್ತೆ ತಿಂಗಳುಗಟ್ಟಲೆ ಏನೂ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ದಿಢೀರಂತ ಸ್ಟೀಮ್‌ಗೆ ಬಂತು. ಹಳಬರಿಗೆ ಪುಕ್ಕಟೆ ಕೀ ಕೊಟ್ಟರು, ಅದನ್ನು ಒಪ್ಪಲೇಬೇಕು. ಆಡಿ ನೋಡಿದರೆ ನಮಗೆ ಏನು ಇಷ್ಟವಾಗಿತ್ತೋ ಅದೇ ಇಲ್ಲ! ಲೆವೆಲ್ ಏರುವುದನ್ನು ತೆಗೆದುಹಾಕಿದ್ದರು. ಕಷ್ಟಪಟ್ಟು ಗಳಿಸಿದ ಸಾಮಾನು ಪಕ್ಕದ ಪ್ರದೇಶಕ್ಕೆ ಕಾಲಿಟ್ಟರೆ ಹೆಚ್ಚೂಕಮ್ಮಿ ದಂಡ. ಆರು ವರ್ಷದಲ್ಲಿ ಒಮ್ಮೆ, ಒಂದೇ ಒಂದು ಸಲ, ಹೀಗೆ ಬದಲಿಸುತ್ತಿದ್ದೇವೆ ಅಂತ ಹೇಳಿದ್ದರೆ ಜನ ಬೇಡ ಅನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರಿಂದ ಅವರಿಗೇ ನಷ್ಟವಾಯಿತು.

ಹಾಗಾಗಿ ಮುರಿದ_ಸೇತುವೆ ಅವರೇ, ಕೇಳಿದ್ದು ತಪ್ಪಲ್ಲ. ಸುಮ್ಮನೆ ವಿಶ್‌ಲಿಸ್ಟ್‌ಗೆ ಹಾಕಿ ಕೂತವನು ಕೇಳುವುದು ಬೇರೆ, ದುಡ್ಡು ಕೊಟ್ಟವನು ಕೇಳುವುದು ಬೇರೆ. ಮೊದಲನೆಯವನಿಗೆ ಡೆವ್ ಏನೂ ಬಾಕಿ ಇಲ್ಲ. ಎರಡನೆಯವನಿಗೆ ಗೇಮ್ ಬೇಗ ಕೊಡುವ ಬಾಕಿ ಇದೆ ಅಂತಲೂ ನಾನು ಹೇಳುವುದಿಲ್ಲ, ಆದರೆ ಸುದ್ದಿಯ ಬಾಕಿ ಇದೆ. ಈ ತಿಂಗಳು ಏನೂ ಆಗಿಲ್ಲ, ಜ್ವರ ಬಂದಿತ್ತು ಅಂತ ಬರೆದರೂ ಸಾಕು. ಅಷ್ಟು ಬರೆಯಲು ಐದು ವಾರ ಬೇಡ.

ಎರಡೇ_ಕೈ

ಒಪ್ಪುತ್ತೇನೆ. ಆದರೆ ಕ್ಯೂಬ್ ವರ್ಲ್ಡ್‌ಗೆ ಒಂದು ಮಾತು ಸೇರಿಸಬೇಕು. 2013ರಲ್ಲಿ ಮಾರಲು ಶುರು ಮಾಡಿದ ಕೂಡಲೇ ಅವರ ಸರ್ವರ್ ಮೇಲೆ ದಾಳಿ ಆಯಿತು. ಅದು ತನ್ನೊಳಗೆ ಏನನ್ನೋ ಮುರಿದುಹಾಕಿತು, ಅವತ್ತಿನಿಂದ ಆತಂಕ, ಖಿನ್ನತೆ ಬಿಟ್ಟಿಲ್ಲ ಅಂತ ಆ ಡೆವ್ 2019ರಲ್ಲಿ ತಾನೇ ಬರೆದುಕೊಂಡಿದ್ದರು. ಸುಮ್ಮನಿರುವವರೆಲ್ಲ ಸೊಕ್ಕಿನಿಂದ ಸುಮ್ಮನಿರುವುದಿಲ್ಲ.

ಮತ್ತೆ ಐದು ವಾರ ಬೇಡ ಅಂದಿರಲ್ಲ, ಬರೆಯುವುದು ಐದು ನಿಮಿಷವೇ. ಅದರ ಕೆಳಗಿನ ಕಾಮೆಂಟ್ ಓದಿದ ಮೇಲೆ ಆ ದಿನ ಕೋಡ್ ಬರೆಯಲು ಕೈ ಬರುವುದಿಲ್ಲ.

ಹಳೇ_ಸೇವ್_ಫೈಲ್

ಅದು ಗೊತ್ತಿತ್ತು. ಓದಿದಾಗ ಬೇಜಾರಾಯಿತು ಕೂಡ. ಆದರೂ ಹೇಳುತ್ತೇನೆ, ಆರು ವರ್ಷ ಜಾಸ್ತಿ ಆಯಿತು. ಕಾಮೆಂಟ್ ಓದಬೇಡಿ, ಬರೆದು ಮುಚ್ಚಿಡಿ.

ಕೊನೆಯ_ಬೆಂಚು

ಕೂಗಾಡಿದರೆ ಏನಾಗುತ್ತೆ ಅನ್ನುವುದಕ್ಕೆ ನೋ ಮ್ಯಾನ್ಸ್ ಸ್ಕೈ ಗೇಮ್ ನೋಡಿ. 2016ರ ಜೂನ್‌ನಲ್ಲಿ ಬರಬೇಕಿತ್ತು, ಆಗಸ್ಟ್‌ಗೆ ಹೋಯಿತು. ಎರಡು ತಿಂಗಳೂ ಇಲ್ಲ. ಅಷ್ಟಕ್ಕೇ ಅದನ್ನು ಮಾಡುತ್ತಿದ್ದ ಶಾನ್ ಮರ್ರೆಗೆ ಕೊಲೆ ಬೆದರಿಕೆ. ತಡ ಆಗುತ್ತಂತೆ ಅಂತ ಮೊದಲು ಸುದ್ದಿ ಬರೆದ ಪತ್ರಕರ್ತನಿಗೂ ಬೆದರಿಕೆ! ಸುದ್ದಿ ಹೇಳಿದ್ದೇ ತಪ್ಪು ಅನ್ನೋ ಹಾಗೆ. ಗೇಮ್ ಬಂತು, ಹೇಳಿದ್ದೆಲ್ಲ ಅದರಲ್ಲಿರಲಿಲ್ಲ, ಆ ಬೈಗುಳದಲ್ಲಿ ನ್ಯಾಯವೂ ಇತ್ತು. ಆಮೇಲೆ ಅವರು ಏನು ಕಲಿತರು? ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದನ್ನು. 2018ರ ನೆಕ್ಸ್ಟ್ ಅಪ್‌ಡೇಟ್ ಬಂದ ಮೇಲೆ ಜನ ತಿರುಗಿ ಬಂದರು. ಈಗಲೂ ಅವರ ಅಪ್‌ಡೇಟ್‌ಗೆ ತಿಂಗಳುಗಟ್ಟಲೆ ಮುಂಚೆ ಡಂಗುರ ಇರುವುದಿಲ್ಲ. ಉಳಿದ ಚಿಕ್ಕ ಡೆವ್‌ಗಳೂ ಅದನ್ನು ನೋಡಿ ಪಾಠ ಕಲಿತಿದ್ದಾರೆ. ನಾವು ಸುದ್ದಿ ಹೇಳಿದವರಿಗೆಲ್ಲ ಹೊಡೆದು, ಈಗ ಯಾರೂ ಸುದ್ದಿ ಹೇಳುತ್ತಿಲ್ಲ ಅಂತ ಗೊಣಗುತ್ತಿದ್ದೇವೆ.

ಸಿಲ್ಕ್‌ಸಾಂಗ್ ಅನ್ನುವ ಗೇಮ್‌ನ ಗಲಾಟೆಯಲ್ಲಿ ನಾನೂ ಇದ್ದೆ. 2019ರ ಫೆಬ್ರವರಿಯಲ್ಲಿ ಘೋಷಣೆ. ಮೊದಲು ಅದು ಅದೇ ತಂಡದ ಹಾಲೋ ನೈಟ್ ಗೇಮ್‌ಗೆ ಒಂದು ಚಿಕ್ಕ ಸೇರ್ಪಡೆ ಆಗಬೇಕಿತ್ತು, ಬೆಳೆದು ಬೆಳೆದು ಬೇರೆ ಗೇಮ್ ಆಯಿತು. 2022ರ ಜೂನ್‌ನ ಎಕ್ಸ್‌ಬಾಕ್ಸ್ ಕಾರ್ಯಕ್ರಮದಲ್ಲಿ ಇಲ್ಲಿ ತೋರಿಸಿದ್ದೆಲ್ಲ 12 ತಿಂಗಳಲ್ಲಿ ಆಡಬಹುದು ಅಂದರು, ನಾವು ಕ್ಯಾಲೆಂಡರ್ ಹಿಡಿದು ಕೂತೆವು. 2023ರ ಮೇ ತಿಂಗಳಲ್ಲಿ ಇನ್ನೂ ಸಮಯ ಬೇಕು ಅಂದರು. ಆಮೇಲೆ ಯಾವ ಕಂಪನಿ ಕಾರ್ಯಕ್ರಮ ಬಂದರೂ ಚಾಟ್ ಪೂರ್ತಿ ಸಿಲ್ಕ್‌ಸಾಂಗ್, ಸಿಲ್ಕ್‌ಸಾಂಗ್. ಪಾಪ, ಬೇರೆ ಚಿಕ್ಕ ಗೇಮ್‌ನವರು ವರ್ಷಗಟ್ಟಲೆ ದುಡಿದು ಒಂದು ಟ್ರೇಲರ್ ತೋರಿಸುವಾಗಲೂ ಕೆಳಗೆ ಅದೇ ಕೂಗು. ನಾನೂ ಹಾಕಿದ್ದೇನೆ, ಈಗ ನಾಚಿಕೆ ಆಗುತ್ತದೆ.

ಇನ್ನು ತಮಾಷೆ ನೋಡಿ. ನಾವು ಇಲ್ಲಿ ಇವರಿಗೇನಾಯ್ತೋ, ಒಳಗೆ ಏನು ಜಗಳವೋ ಅಂತ ಕಥೆ ಕಟ್ಟುತ್ತಿದ್ದರೆ, ಅದನ್ನು ಮಾಡಿದ ಟೀಮ್ ಚೆರ್ರಿಯವರು ಕೊನೆಗೆ ಸಂದರ್ಶನದಲ್ಲಿ ಹೇಳಿದ್ದು ಏನೂ ಆಗಿರಲಿಲ್ಲ, ಮಾಡುತ್ತಾ ಖುಷಿಯಾಗಿದ್ದೆವು ಅಂತ! 2025ರ ಆಗಸ್ಟ್ 21ಕ್ಕೆ ದಿನಾಂಕ ಹೇಳಿದರು, ಸೆಪ್ಟೆಂಬರ್ 4ಕ್ಕೆ ಬಿಟ್ಟರು. ಎರಡೇ ವಾರ. ಆ ದಿನ ಜನ ನುಗ್ಗಿದ ರಭಸಕ್ಕೆ ಸ್ಟೀಮ್ ಅಂಗಡಿಯೇ ಸ್ವಲ್ಪ ಹೊತ್ತು ಬಿದ್ದುಹೋಯಿತು. ಆರೂವರೆ ವರ್ಷ ಕಾದ ನಾವು ಆ ವಾರ ಕಳೆಯುವುದರೊಳಗೆ ಏನು ಬರೆದೆವು? 'ಕಷ್ಟ ಜಾಸ್ತಿ ಆಯ್ತು, ಪ್ಯಾಚ್ ಯಾವಾಗ?'

ಲೋಡಿಂಗ್_99

ಪ್ಯಾಚ್ ಬಂತಲ್ಲ, ಶುರುವಿನ ಒಂದೆರಡು ಬಾಸ್, ಅಂದರೆ ದೊಡ್ಡ ಶತ್ರುಗಳನ್ನು, ಸ್ವಲ್ಪ ಸುಲಭ ಮಾಡಿದರು. ಕೂಗಿದ್ದಕ್ಕೇ ಬಂದಿದ್ದು.

ಕೊನೆಯ_ಬೆಂಚು

ಅದೂ ನಿಜ. ಅದಕ್ಕೇ ಈ ಜಗಳ ಬಗೆಹರಿಯುವುದಿಲ್ಲ.

ಲೋಡಿಂಗ್_99

ಕಾಯುವುದು ಕಲಿಯಬೇಕು ಅಂದರೆ ಪ್ರಾಜೆಕ್ಟ್ ಜೊಂಬಾಯ್ಡ್ ಗೇಮ್ ಆಡುವ ಜನರ ಹತ್ತಿರ ಹೋಗಿ. 2011ರಲ್ಲಿ ಅದನ್ನು ಮಾಡುವವರ ಮನೆಗೆ ಕಳ್ಳರು ನುಗ್ಗಿ ಕೋಡ್ ಇದ್ದ ಲ್ಯಾಪ್‌ಟಾಪ್‌ಗಳನ್ನೇ ಹೊತ್ತುಕೊಂಡು ಹೋದರು. ಅಷ್ಟಾದರೂ ಗೇಮ್ ನಿಂತಿಲ್ಲ, 2013ರಿಂದ ಸ್ಟೀಮ್ ಅರ್ಲಿ ಆಕ್ಸೆಸ್‌ನಲ್ಲಿದೆ, ಬಿಲ್ಡ್ 42 ಅನ್ನುವ ಅಪ್‌ಡೇಟ್‌ನ ಪರೀಕ್ಷಾ ಆವೃತ್ತಿ ಬಂದಿದ್ದು 2024ರ ಡಿಸೆಂಬರ್‌ನಲ್ಲಿ. ಅಲ್ಲೂ ಗೊಣಗಾಟ ಇದ್ದೇ ಇದೆ, ಆದರೆ ಜನ ಗೊಣಗುತ್ತಾ ಆಡುತ್ತಾರೆ. ಈಗ ಇರುವುದೇ ಪೂರ್ತಿ ಗೇಮ್ ಅನ್ನುವಷ್ಟು ಇದೆ, ಅದಕ್ಕೇ ಇರಬೇಕು. ಕಣಿವೆ ಹತ್ತಿರ ತಂದು ದೀಪ ತೋರಿಸಿ ನಿಲ್ಲಿಸುವ ಗೇಮ್‌ಗೆ ಆ ಅದೃಷ್ಟ ಇಲ್ಲ. ಕಥೆ ಇರುವ ಗೇಮನ್ನು ಅರ್ಧಕ್ಕೆ ಮಾರಬಾರದು ಅನ್ನುವುದು ನನ್ನ ಅಭಿಪ್ರಾಯ, ಯಾರು ಏನೇ ಅನ್ನಲಿ.

ಮುರಿದ_ಸೇತುವೆ

ಎಲ್ಲರಿಗೂ ಥ್ಯಾಂಕ್ಸ್, 61 ಗಂಟೆಗೆ ನಕ್ಕವರಿಗೂ.

ಮೀನಿನ ಮಾತು ಚುಚ್ಚಿತು. ಅಂದರೆ ನಾನು ಸಿಟ್ಟಾಗಿದ್ದು ನನ್ನಂಥವರ ಸಿಟ್ಟಿಗೆ ಹುಟ್ಟಿದ ಮೀನಿನ ಮೇಲೆ. ಆದರೆ ಹಳೇ_ಸೇವ್_ಫೈಲ್ ಹೇಳಿದ್ದೂ ಬಿಡಲು ಆಗುತ್ತಿಲ್ಲ. ಆತನಿಗೆ ಮತ್ತೆ ಬರೆದೆ. ಅವತ್ತು ಕೇಳಿದ ರೀತಿ ಒರಟಾಯಿತು, ಅದಕ್ಕೆ ಕ್ಷಮೆ ಇರಲಿ, ಆದರೆ ಪ್ರಶ್ನೆ ವಾಪಸ್ ತೆಗೆದುಕೊಳ್ಳುವುದಿಲ್ಲ, ತಿಂಗಳಿಗೊಮ್ಮೆ 'ಇದ್ದೇನೆ' ಅಂತ ಒಂದು ಪದ ಹಾಕಿ, ತಾರೀಖು ಬೇಡ ಅಂತ. ಆತ ಒಂದು ಹೆಬ್ಬೆರಳಿನ ಗುರುತು ಹಾಕಿದ್ದಾನೆ. ಅದು ಹೌದು ಅಂತಲೋ, ಸಾಕು ಬಿಡಪ್ಪಾ ಅಂತಲೋ ಗೊತ್ತಾಗಿಲ್ಲ.

ನಿನ್ನೆ ರಾತ್ರಿ ಒಂದು ಚಿಕ್ಕ ಪ್ಯಾಚ್ ಬಂತು. ನೋಟ್ಸ್‌ನಲ್ಲಿ ಒಂದೇ ಸಾಲು, ಮೀನು ಕೆಲವೊಮ್ಮೆ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿದ್ದುದು ಸರಿಯಾಗಿದೆಯಂತೆ. ಅಭ್ಯಾಸಬಲ, ಕಣಿವೆ ಕಡೆ ಹೋದೆ. ಬೋರ್ಡು ಅಲ್ಲೇ ಇದೆ. ಆದರೆ ಸೇತುವೆಗೆ ಹೊಸದಾಗಿ ಮೂರು ಹಲಗೆ ಬಿದ್ದಿವೆ. ಮೊದಲು ಎರಡು ಹೆಜ್ಜೆ ಇಡಬಹುದಿತ್ತು, ಈಗ ಐದು ಇಡಬಹುದು. ತುದಿಯಲ್ಲಿ ನಿಂತರೆ ದೀಪ ಒಂಚೂರು ದೊಡ್ಡದಾಗಿ ಕಾಣುತ್ತದೆ, ಅದರ ಕೆಳಗೆ ಯಾರೋ ಕೂತ ಹಾಗೆ ಏನೋ ಇದೆ. ಅಥವಾ ಕಲ್ಲಿರಬಹುದು. ಅರ್ಧ ಗಂಟೆ ಅಲ್ಲೇ ನಿಂತು ನೋಡಿ, ಸೇವ್ ಮಾಡಿ ಮಲಗಿದೆ.

ಎರಡೇ_ಕೈ

ಹಲಗೆ ಮೇಲೆ ನಿಂತುಕೊಂಡು ಸೇವ್ ಮಾಡಿದ್ರಾ?

ಮುರಿದ_ಸೇತುವೆ

ಅಯ್ಯೋ. ಇರಿ, ಲೋಡ್ ಮಾಡಿ ನೋಡಿ ಬರುತ್ತೇನೆ.